ಎತ್ತಿಗೆ ರಜೆ, ಮಾಣಿಗೆ ಇಲ್ಲ!

ಅಮಾವಾಸ್ಯೆಯ ದಿನ ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗಿನ ಭಾಜಿ ಗಲ್ಲಿಯಿಂದ ಲಿಂಬೆಹಣ್ಣು ಹಸಿಮೆಣಸಿನಕಾಯಿಯ ಸರಗಳು ಹೊರಡುತ್ತವೆ. ಒಂದು ಲಿಂಬೆ, ಏಳು ಮೆಣಸಿನಕಾಯಿ, ಒಂದು ಚೂರು ಇದ್ದಲು. ಅಂಗಡಿಯ ಬಾಗಿಲಿಗೆ ಒಂದು, ಟ್ಯಾಕ್ಸಿಯ ಮೂತಿಗೆ ಒಂದು, ಹೋಟೇಲಿನ ಗಲ್ಲಾದ ಮೇಲೆ ಒಂದು. ಅದನ್ನು ಕಟ್ಟಲು ಸ್ಟೂಲು ಹತ್ತುವವನು ನಮ್ಮ ಮಾಣಿ. ನಸುಕಿನಲ್ಲಿ ಎದ್ದು ಒಲೆ ಹಚ್ಚಿದವನು ಅವನೇ. ರಾತ್ರಿ ಕೊನೆಯ ಗಿರಾಕಿ ಎದ್ದುಹೋದ ಮೇಲೆ ನೆಲ ಒರೆಸಿ ಮೇಜಿನ ಮೇಲೆ ಮೈಚಾಚುವವನೂ ಅವನೇ. ಧಣಿಯ ಗಲ್ಲಾಕ್ಕೆ ದೃಷ್ಟಿ ತಾಗದಿರಲೆಂದು ಲಿಂಬೆಹಣ್ಣು ಕಾವಲಿದೆ. ಈ ಮಾಣಿಯ ಸೊಂಟಕ್ಕೆ, ಅವನ ನಿದ್ದೆಗೆ, ಅವನ ಪಗಾರಕ್ಕೆ ಕಾವಲು ಯಾವುದು?

ಅಮಾವಾಸ್ಯೆ ಕೆಟ್ಟ ದಿನವೆಂಬ ಮಾತನ್ನು ನಾವು ಬಹಳ ದಿನಗಳಿಂದ ಕೇಳುತ್ತ ಬಂದಿದ್ದೇವೆ. ಅದರಿಂದ ಲಾಭವಾಗುವುದು ಯಾರಿಗೆಂದು ಕೇಳುವ ಕಾಲ ಈಗ ಬಂದಿದೆ. ಪಗಾರ ಕೇಳಿದರೆ, "ಇವತ್ತು ಅಮಾವಾಸ್ಯೆ, ಗಲ್ಲಾದಿಂದ ಹಣ ಹೊರಗೆ ಹೋಗಬಾರದು, ನಾಳೆ ಬಾ" ಎನ್ನುವ ಧಣಿಗಳು ಇದ್ದಾರೆ. ಊರಿಗೆ ಹೋಗುತ್ತೇನೆಂದರೆ, "ಅಮಾವಾಸ್ಯೆ ಎದುರಿಗಿದೆ, ಪ್ರಯಾಣ ಬೇಡ" ಎನ್ನುತ್ತಾರೆ. ಸಂಬಳ ಹೆಚ್ಚಿಸಿ ಎಂದರೆ, "ಈ ದಿನ ಹೊಸ ಮಾತು ಎತ್ತಬೇಡ" ಎಂಬ ಉತ್ತರ. ಆದರೆ "ಈ ದಿನ ಒಳ್ಳೆಯದಲ್ಲ, ಆದುದರಿಂದ ನೀನು ಕೆಲಸ ಮಾಡಬೇಡ, ಮಲಗು" ಎಂದ ಧಣಿಯನ್ನು ನಾವು ಈವರೆಗೆ ಕಂಡಿಲ್ಲ. ಪಗಾರಕ್ಕೆ ಅಡ್ಡ ಬರುವ ಅಮಾವಾಸ್ಯೆ ದುಡಿಮೆಗೆ ಮಾತ್ರ ಅಡ್ಡ ಬರುವುದಿಲ್ಲ. ಇದು ಯಾವ ಪಂಚಾಂಗ?

ಪಂಚಾಂಗದ ಮಾತನ್ನೇ ಆಡೋಣ. ಅಮಾವಾಸ್ಯೆ ಎಂಬ ಶಬ್ದದಲ್ಲಿ ಭಯವೇನೂ ಇಲ್ಲ. 'ಅಮಾ' ಎಂದರೆ ಜೊತೆ, 'ವಸ್' ಎಂದರೆ ವಾಸಿಸು. ಸೂರ್ಯಚಂದ್ರರು ಒಟ್ಟಿಗೆ ವಾಸಿಸುವ ದಿನ ಎಂದು ಹಿಂದಿನವರು ಹೆಸರಿಟ್ಟರು. ಚಂದ್ರನು ಭೂಮಿಗೂ ಸೂರ್ಯನಿಗೂ ನಡುವಿನ ದಿಕ್ಕಿಗೆ ಬಂದಾಗ ಅವನ ಬೆಳಗಿದ ಮುಖ ನಮ್ಮ ಕಡೆಗೆ ಇರುವುದಿಲ್ಲ. ಸುಮಾರು ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆ ಹೀಗಾಗುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಗುಜರಾತುಗಳ ಪಂಚಾಂಗದಲ್ಲಿ ತಿಂಗಳು ಮುಗಿಯುವುದೇ ಈ ದಿನ. ಫಾಲ್ಗುಣದ ಅಮಾವಾಸ್ಯೆ ಮುಗಿಯದೆ ಯುಗಾದಿ ಬಾರದು. ತಿಂಗಳ ಕೊನೆಯ ದಿನ ಎಂದರೆ ದುಡಿಯುವವನಿಗೆ ಏನು? ಲೆಕ್ಕದ ದಿನ, ಪಗಾರದ ದಿನ, ಬೆನ್ನು ನೆಟ್ಟಗೆ ಮಾಡುವ ದಿನ.

ಹಳ್ಳಿಯಿಂದ ಬಂದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಎಳ್ಳಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತ ಮನೆಮಂದಿಯನ್ನೆಲ್ಲ ಗಾಡಿಯಲ್ಲಿ ಹೊಲಕ್ಕೆ ಕರೆದೊಯ್ದು ಬೆಳೆಗೆ ಚರಗ ಚೆಲ್ಲಿ, ಎಲ್ಲರೊಡನೆ ಕುಳಿತು ಉಣ್ಣುತ್ತಾನೆ. ಅಶೋಕ ಚಕ್ರವರ್ತಿಯ ಸ್ತಂಭಶಾಸನವೊಂದು ಪಕ್ಷದ ಎಂಟನೆಯ, ಹದಿನಾಲ್ಕನೆಯ, ಹದಿನೈದನೆಯ ದಿನಗಳಲ್ಲಿ ಹೋರಿಗಳ ಬೀಜ ಒಡೆಯಬಾರದೆಂದು ಕಟ್ಟಳೆ ಮಾಡಿದೆ. ವೇದಪಾಠಶಾಲೆಯ ವಟುವಿಗೆ ಅಮಾವಾಸ್ಯೆ ಅನಧ್ಯಯನದ ದಿನ, ಎಂದರೆ ಪಾಠಕ್ಕೆ ರಜೆ. ಬೌದ್ಧ ಭಿಕ್ಷುಗಳಿಗೆ ಅದು ಉಪೋಸಥದ ದಿನ. ಸಂಘ ಒಂದೆಡೆ ಸೇರಿ ತನ್ನ ನಿಯಮಗಳನ್ನು ಓದಿಕೊಳ್ಳುವ ದಿನ. ಎತ್ತಿಗೆ ರಜೆ, ವಟುವಿಗೆ ರಜೆ, ಭಿಕ್ಷುವಿಗೆ ಸಭೆ. ಸಂಪ್ರದಾಯ ಸಂಪ್ರದಾಯ ಎಂದು ಎದೆ ತಟ್ಟಿಕೊಳ್ಳುವವರು ಈ ಸಂಪ್ರದಾಯವನ್ನು ಹೋಟೇಲಿನ ಮೋರಿಯ ಬಳಿ ಪಾತ್ರೆ ತಿಕ್ಕುವ ಹುಡುಗನಿಗೆ ಏಕೆ ಅನ್ವಯಿಸುವುದಿಲ್ಲ?

ಸಿರಿವಂತರ ಅಮಾವಾಸ್ಯೆಯನ್ನೂ ಒಮ್ಮೆ ನೋಡಿ. ದೀಪಾವಳಿಯ ಲಕ್ಷ್ಮೀಪೂಜೆ ನಡೆಯುವುದು ಆಶ್ವಯುಜ ಮಾಸದ ಅಮಾವಾಸ್ಯೆಯಂದು. ಆ ದಿನ ಸೇಠರು ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚಿ ಚೋಪಡಾ ಪೂಜೆ ಮಾಡುತ್ತಾರೆ. ದಲಾಲ್ ಸ್ಟ್ರೀಟಿನ ಶೇರು ಪೇಟೆ 1957ರಿಂದ ದೀಪಾವಳಿಗೆ ಒಂದು ಗಂಟೆಯ ಹೊತ್ತು ಮುಹೂರ್ತದ ವ್ಯಾಪಾರವೆಂದು ಬಾಗಿಲು ತೆರೆಯುತ್ತ ಬಂದಿದೆ. ಅಲ್ಲಿ ಹಣ ಹೊರಗೂ ಹೋಗುತ್ತದೆ, ಒಳಗೂ ಬರುತ್ತದೆ. ಯಾರಿಗೂ ದೃಷ್ಟಿ ತಾಗಿದ ಸುದ್ದಿಯಿಲ್ಲ. ಹಾಗಾದರೆ ಲಕ್ಷಾಧೀಶನಿಗೆ ಲಕ್ಷ್ಮಿ ಬರುವ ಅಮಾವಾಸ್ಯೆ, ಕೂಲಿಯವನಿಗೆ ಪಿಶಾಚಿ ಬರುವ ಅಮಾವಾಸ್ಯೆ ಆದದ್ದು ಹೇಗೆ? ಆಕಾಶದಲ್ಲಿ ಇರುವುದು ಒಂದೇ ಚಂದ್ರ.

ನಾವು ಇಂದು ವಿಶೇಷವಾಗಿ ಹೇಳಬೇಕೆಂದಿರುವುದು ಆಷಾಢದ ಅಮಾವಾಸ್ಯೆಯ ವಿಷಯ. 2024ರಲ್ಲಿ ಅದು ಆಗಸ್ಟ್ 4ರಂದು ಬಂತು, 2025ರಲ್ಲಿ ಜುಲೈ 24ರಂದು. ಉಡುಪಿ, ಮಂಗಳೂರು, ಕಾಸರಗೋಡಿನ ನಮ್ಮವರಿಗೆ ಅದು ಆಟಿ ಅಮಾವಾಸ್ಯೆ. ಘಟ್ಟದ ಮೇಲಿನವರಿಗೆ ಭೀಮನ ಅಮಾವಾಸ್ಯೆ. ನಮ್ಮ ಮರಾಠಿ ಬಂಧುಗಳಿಗೆ ದೀಪ ಅಮಾವಾಸ್ಯೆ. ತಮಿಳರಿಗೆ ಆಡಿ ಅಮಾವಾಸ್ಯೆ, ಮಲೆಯಾಳಿಗಳಿಗೆ ಕರ್ಕಾಟಕದ ವಾವು. ಎರಡೂ ಪಿತೃಗಳಿಗೆ ಪಿಂಡ ಬಿಡುವ ದಿನ. ಗ್ರಾಂಟ್ ರೋಡಿನ ಒಂದೇ ಚಾಳಿನಲ್ಲಿ, ಒಂದೇ ಭಟಾರಖಾನೆಯಲ್ಲಿ ಈ ಎಲ್ಲ ಊರಿನವರೂ ಹೆಗಲಿಗೆ ಹೆಗಲು ತಾಗಿಸಿ ದುಡಿಯುತ್ತಾರೆ. ಭಾಷೆ ಬೇರೆ, ಊಟ ಬೇರೆ, ದೈವ ಬೇರೆ. ಆದರೆ ಈ ಒಂದು ದಿನ ಎಲ್ಲರಿಗೂ ದೊಡ್ಡದು. ಇಷ್ಟೊಂದು ಜನಕ್ಕೆ ಬೇಕಾದ ಇನ್ನೊಂದು ದಿನ ಸಿಗುವುದು ಕಷ್ಟ. ಈ ದಿನ ನಮ್ಮ ಕೈಯಲ್ಲಿ ಏನಾಗಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ನೋಡಬೇಕು.

ಊರಿನಲ್ಲಿ ಆಟಿ ತಿಂಗಳು ಕಷ್ಟದ ತಿಂಗಳಾಗಿತ್ತು. ಹೊರಗೆ ಬಿಡದ ಮಳೆ, ಒಳಗೆ ಖಾಲಿಯಾದ ಅಕ್ಕಿ ಮುಡಿ. ರೋಗ ರುಜಿನ ಹೆಚ್ಚು. ಆಟಿ ಕಳೆಂಜ ಮನೆಮನೆಗೆ ಬಂದು ಮಾರಿ ಕಳೆಯುವುದು ಈ ತಿಂಗಳಲ್ಲೇ. ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮುಂಚೆ ಹಾಲೆ ಮರದ ಕೆತ್ತೆಯನ್ನು, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತರುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದ ರಸಕ್ಕೆ ಕಾಸಿದ ಬೆಣಚುಕಲ್ಲನ್ನು ಹಾಕಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಆಮೇಲೆ ಮೆಂತೆಯ ಗಂಜಿ. ಕಾರಿಂಜ, ನರಹರಿ ಪರ್ವತಗಳಲ್ಲಿ ತೀರ್ಥಸ್ನಾನ. ಹಸಿವಿನ ತಿಂಗಳಿನಲ್ಲಿ ತನ್ನ ಮೈಯನ್ನು ತಾನು ನೋಡಿಕೊಳ್ಳುವುದಕ್ಕಾಗಿ ಬಡವನು ಇಟ್ಟುಕೊಂಡ ದಿನ ಅದು. ಭಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮುಂಬಯಿಯ ರಸ್ತೆಗಳ ಬದಿಯಲ್ಲಿ ಸಪ್ತಪರ್ಣಿಯೆಂದು ನೆಟ್ಟಿರುವ ಮರ ನಮ್ಮ ಹಾಲೆಯೇ. ಆದರೆ ಮೋಟಾರಿನ ಹೊಗೆ ಕುಡಿದ ರಸ್ತೆಯ ಮರದಿಂದ ಕೆತ್ತೆ ಕೆತ್ತಬೇಡಿ. ಊರಿನಲ್ಲಾದರೆ ನಸುಕಿನ ಕತ್ತಲಲ್ಲಿ ಕಾಸರಕನ ಮರವನ್ನು ಹಾಲೆಯೆಂದು ತಿಳಿಯುವ ಅಪಾಯವಿದೆ. ಕಾಸರಕನಲ್ಲಿರುವುದು ಸ್ಟ್ರಿಕ್ನಿನ್ ಎಂಬ ಪ್ರಾಣಘಾತಕ ವಿಷ. ಮರ ಬಲ್ಲವರು ಹಗಲಲ್ಲೇ ಗುರುತು ಮಾಡಿಟ್ಟ ಮರದಿಂದ ತಂದದ್ದಲ್ಲದೆ ಬೇರೆಯದನ್ನು ಮುಟ್ಟಬೇಡಿ. ಹಾಲೆಯ ಕಷಾಯ ಕುಡಿದರೆ ವರ್ಷವಿಡೀ ಜ್ವರ ಬಾರದು ಎಂಬ ಮಾತನ್ನೂ ನಂಬಬೇಡಿ. ಮಲೇರಿಯವನ್ನು ಹರಡುವುದು ಸೊಳ್ಳೆ ಎಂದು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ. ಆ ಸೊಳ್ಳೆ ಹುಟ್ಟುವುದು ಮಾಳಿಗೆಯ ಮುಚ್ಚಳವಿಲ್ಲದ ಟಾಕಿಯಲ್ಲಿ, ನೀರು ತುಂಬಿಟ್ಟ ಡ್ರಮ್ಮಿನಲ್ಲಿ. ಕಚ್ಚುವುದು ಪರದೆಯಿಲ್ಲದೆ ಮಲಗುವ ನಮ್ಮನ್ನು. ಟಾಕಿಗೆ ಮುಚ್ಚಳ, ಮಲಗಲು ಜಾಗ, ಸೊಳ್ಳೆಪರದೆ: ಇವನ್ನು ಕೊಡಬೇಕಾದವರು ವರ್ಷಕ್ಕೊಂದು ಲೋಟ ಕಷಾಯ ಕೊಟ್ಟು ಕೈತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಜ್ವರ ಬಂದರೆ ಮಂತ್ರಿಸಿದ ತಾಯಿತಕ್ಕೆ ಹಣ ಸುರಿಯದೆ ಮಹಾನಗರಪಾಲಿಕೆಯ ದವಾಖಾನೆಯಲ್ಲಿ ರಕ್ತ ತೋರಿಸಿ.

ಹಾಲೆ ಮರದ ಇನ್ನೊಂದು ಗುಣವನ್ನು ಕೆಲವರೇ ಬಲ್ಲರು. ಅದರ ಹಲಗೆಯಿಂದ ಹಿಂದೆ ಶಾಲೆಯ ಮಕ್ಕಳ ಬರೆಯುವ ಹಲಗೆಗಳನ್ನು ಮಾಡುತ್ತಿದ್ದರು. ಸಸ್ಯಶಾಸ್ತ್ರದವರು ಅದಕ್ಕೆ 'ಸ್ಕಾಲರಿಸ್' ಎಂದು ಹೆಸರಿಟ್ಟದ್ದು ಆ ಕಾರಣದಿಂದಲೇ. ಹಗಲು ಬಟ್ಟಲು ತೊಳೆದು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿಯ ಕನ್ನಡ ಹುಡುಗರಿಗೆ ಆ ಮರದ ತೊಗಟೆಗಿಂತ ಹಲಗೆಯೇ ಹೆಚ್ಚು ಮದ್ದಾಯಿತು ಎಂದರೆ ತಪ್ಪಾಗಲಾರದು.

ಇನ್ನು ಅದೇ ದಿನದ ಇನ್ನೊಂದು ಮುಖ. ಮರಾಠಿ ಹೆಂಗಸರು ಆ ದಿನ ಮನೆಯ ದೀಪಗಳನ್ನೆಲ್ಲ ತೊಳೆದು ಬೆಳಗಿ ಸಾಲಾಗಿ ಇಟ್ಟು ಪೂಜಿಸುತ್ತಾರೆ. ಊರಿನಲ್ಲಿ ನಮ್ಮ ಹೆಂಡತಿಯರು ಗಂಡನ ಆಯುಷ್ಯಕ್ಕಾಗಿ ಭೀಮೇಶ್ವರನಿಗೆ ದೀಪ ಹಚ್ಚುತ್ತಾರೆ; ತಮ್ಮಂದಿರು ಹೊಸ್ತಿಲ ಮೇಲೆ ಭಂಡಾರ ಒಡೆಯುತ್ತಾರೆ. ಗಂಡಸರು ಇಲ್ಲಿ ಮಾಡುವುದೇನು? ಶ್ರಾವಣದಲ್ಲಿ ಬಿಡಬೇಕಲ್ಲ ಎಂದು ಇಂದೇ ಎಲ್ಲವನ್ನೂ ಕುಡಿದು ಮುಗಿಸುವುದು! ಈ ನಗರ ಅದಕ್ಕೆ ಗಟಾರಿ ಎಂದು ಹೆಸರಿಟ್ಟಿದೆ. ಹೆಂಡತಿ ದೀಪದ ಮುಂದೆ, ಗಂಡ ಗಟಾರದ ಮುಂದೆ. ಒಂದು ರಾತ್ರಿಯಲ್ಲಿ ಅರ್ಧ ತಿಂಗಳ ಪಗಾರ ಹೋಗುತ್ತದೆ. 2015ರ ಜೂನ್ ತಿಂಗಳಲ್ಲಿ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಮಂದಿ ನಮ್ಮಂತೆ ಕೂಲಿ ಮಾಡಿ ಬದುಕುವವರು. ಕುಡಿಯುವವನನ್ನು ಬೈದು ಪುಣ್ಯ ಕಟ್ಟಿಕೊಳ್ಳುವ ಉದ್ದೇಶ ನಮಗಿಲ್ಲ. ಹದಿನಾಲ್ಕು ತಾಸು ಹಬೆಯಲ್ಲಿ ನಿಂತವನಿಗೆ ಬಿಡುವು ಕೊಡದ ನಗರ ಬಿಡುವಿನ ಬದಲಾಗಿ ಬಾಟಲಿಯನ್ನು ಕೊಡುತ್ತದೆ. ಆದರೂ ಹೇಳಬೇಕಾದುದನ್ನು ಹೇಳಲೇಬೇಕು: ಲಿಂಬೆಹಣ್ಣಿನವನು, ತಾಯಿತದವನು, ಗುತ್ತೆಯವನು ಈ ಮೂವರೂ ಅಮಾವಾಸ್ಯೆಯ ದಿನ ನಮ್ಮ ಕಿಸೆಯಿಂದ ದುಡಿಯುತ್ತಾರೆ. ನಾವು ಮಾತ್ರ ದುಡಿದೂ ಕಳೆದುಕೊಳ್ಳುತ್ತೇವೆ.

ಇಷ್ಟು ಹೇಳಿದ ಮೇಲೆ ನಮ್ಮ ವಿಚಾರವಾದಿ ಗೆಳೆಯರು, "ಹಾಗಾದರೆ ಅಮಾವಾಸ್ಯೆಯನ್ನೇ ಬಿಟ್ಟುಬಿಡಿ, ಅದೆಲ್ಲ ಮೂಢನಂಬಿಕೆ" ಎಂದಾರು. ಅವರ ಮೇಲೆ ನಮಗೆ ಗೌರವವಿದೆ. ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡೇಟಿಗೆ ಪ್ರಾಣ ಕೊಟ್ಟರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಮಾಟಮಂತ್ರದ ವಿರುದ್ಧ ಕಾಯಿದೆಯಾಯಿತು. ಅಮಾವಾಸ್ಯೆಯ ಹೆಸರಿನಲ್ಲಿ ಹೆದರಿಸಿ ಹಣ ಕೀಳುವವರ ವಿರುದ್ಧ ಆ ಕಾಯಿದೆಯನ್ನು ಬಳಸಲು ನಾವು ಹಿಂಜರಿಯಬಾರದು. ಆದರೆ ಭಯವನ್ನು ಬಿಡುವುದು ಬೇರೆ, ದಿನವನ್ನು ಬಿಡುವುದು ಬೇರೆ. ದಿನವನ್ನು ನಾವು ಬಿಟ್ಟರೆ ಅದನ್ನು ಎತ್ತಿಕೊಳ್ಳುವವನು ಧಣಿ. ಅವನಿಗೆ ಮುನ್ನೂರ ಅರವತ್ತೈದು ದಿನವೂ ಒಂದೇ ಸಮ ಆಗಬೇಕಾಗಿದೆ.

ಈ ಮಾತಿಗೆ ಈ ನಗರದಲ್ಲೇ ಸಾಕ್ಷಿಯಿದೆ. ಗ್ರಾಂಟ್ ರೋಡಿನಿಂದ ಕೂಗಳತೆಯ ತಾರದೇವದಲ್ಲಿ 1856ರಲ್ಲಿ ಮುಂಬಯಿಯ ಮೊದಲನೆಯ ಹತ್ತಿಯ ಗಿರಣಿ ಓಡತೊಡಗಿತು. ಗಿರಣಿಯವರಿಗೆ ವಾರದ ರಜೆ ಎಂಬುದಿರಲಿಲ್ಲ. ಜೋತೀಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕೆಲಸಗಾರರನ್ನು ಕೂಡಿಸಿ, ಸುಮಾರು 5,500 ಜನರ ಸಹಿಯೊಡನೆ ಬೇಡಿಕೆ ಸಲ್ಲಿಸಿದರು. ಅದರಲ್ಲಿ ಭಾನುವಾರದ ರಜೆಯೂ ಇತ್ತು, ಪಗಾರ ಮುಂದಿನ ತಿಂಗಳ 15ರೊಳಗೆ ಕೊಡಬೇಕೆಂಬುದೂ ಇತ್ತು. ಭಾನುವಾರವೇ ಏಕೆ ಎಂದಾಗ ಲೋಖಂಡೆಯವರು, ಅದು ಖಂಡೋಬನ ವಾರ ಎಂದರು. ಆ ಖಂಡೋಬ ನಮ್ಮ ಮೈಲಾರಲಿಂಗನೇ. 1890ರ ಏಪ್ರಿಲ್ 24ರಂದು ಸುಮಾರು ಹತ್ತು ಸಾವಿರ ಕೆಲಸಗಾರರು ಸಭೆ ಸೇರಿದರು; ಇಬ್ಬರು ಹೆಂಗಸರೂ ಎದ್ದುನಿಂತು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಇಂದು ಆಫೀಸಿನ ಬಾಬುಗಳು ಹಾಸಿಗೆಯಲ್ಲಿ ಹೊರಳುವ ಭಾನುವಾರ ಮೈಲಾರಲಿಂಗನ ಹೆಸರಿನಲ್ಲಿ ಗಿರಣಿಯ ಕೂಲಿ ಗೆದ್ದುಕೊಟ್ಟ ದಿನ. ಲೋಖಂಡೆಯವರು ಸತ್ಯಶೋಧಕರು, ಮೂಢನಂಬಿಕೆಯ ಶತ್ರು. ಆದರೂ ದೇವರ ವಾರವನ್ನು ಅವರು ಎಸೆಯಲಿಲ್ಲ. ಅದನ್ನು ಬಡವನ ಬಿಡುವಿನ ದಿನವಾಗಿ ಮಾಡಿದರು.

ಅವರಿಗೆ ಭಾನುವಾರ ಸಾಧ್ಯವಾದರೆ ನಮಗೆ ಅಮಾವಾಸ್ಯೆ ಏಕೆ ಸಾಧ್ಯವಿಲ್ಲ? ಕಾಯಿದೆಯಲ್ಲೇ ಅದಕ್ಕೆ ಬಾಗಿಲಿದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರಕ್ಕೊಂದು ಪೂರ್ಣ ದಿನದ ರಜೆಯಲ್ಲದೆ ವರ್ಷಕ್ಕೆ ಎಂಟು ಸಂಬಳ ಸಹಿತ ಹಬ್ಬದ ರಜೆಗಳನ್ನು ಹೇಳುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಈ ನಾಲ್ಕು ಗೊತ್ತಾದವು. ಉಳಿದ ನಾಲ್ಕನ್ನು ಧಣಿಯೂ ಕೆಲಸಗಾರರೂ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ನಮ್ಮ ಎಷ್ಟು ಹೋಟೇಲುಗಳಲ್ಲಿ ಹೀಗೆ ಮಾತಾಡಿದ್ದಾರೆ? ಎಷ್ಟು ಮಂದಿ ಮಾಣಿಗಳಿಗೆ ಇಂಥದೊಂದು ಹಕ್ಕಿದೆ ಎಂದೇ ಗೊತ್ತಿದೆ? ಆ ನಾಲ್ಕರಲ್ಲಿ ಒಂದು ಆಷಾಢದ ಅಮಾವಾಸ್ಯೆ ಆಗಲಿ ಎಂಬುದು ನಮ್ಮ ಬೇಡಿಕೆ. ಪಗಾರವನ್ನು ಅಮಾವಾಸ್ಯೆಯ ನೆವದಿಂದ ತಡೆಯುವ ಅಧಿಕಾರ ಯಾರಿಗೂ ಇಲ್ಲ. ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ದಿನದೊಳಗೆ ಕೈಸೇರಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಅದರಲ್ಲಿ ತಿಥಿ ನಕ್ಷತ್ರಗಳ ಪ್ರಸ್ತಾಪವಿಲ್ಲ.

2017ರ ಕಾಯಿದೆ ಬರುವಾಗಲೇ ಹತ್ತಕ್ಕಿಂತ ಕಡಿಮೆ ಆಳುಗಳಿರುವ ಅಂಗಡಿಗಳನ್ನು ಬಹುಮಟ್ಟಿಗೆ ಹೊರಗೆ ಬಿಟ್ಟಿತೆಂಬುದು ನಮಗೆ ಗೊತ್ತಿದೆ. ನಮ್ಮವರಲ್ಲಿ ಬಹಳ ಮಂದಿ ದುಡಿಯುವುದು ಅಂಥ ಸಣ್ಣ ಹೋಟೇಲುಗಳಲ್ಲೇ. ಅಲ್ಲಿ ಕಾಯಿದೆಯ ಬಲ ಕಡಿಮೆಯಾದರೆ ಸಂಘದ ಬಲ ಹೆಚ್ಚಾಗಬೇಕು. "ಹೋಟೇಲು ಮುಚ್ಚಿದರೆ ಗಿರಾಕಿ ಏನು ತಿನ್ನಬೇಕು?" ಎಂದು ಧಣಿಗಳು ಕೇಳುತ್ತಾರೆ. ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಅರ್ಧ ಜನಕ್ಕೆ ಅಮಾವಾಸ್ಯೆಯಂದು, ಉಳಿದ ಅರ್ಧಕ್ಕೆ ಮರುದಿನ ರಜೆ ಕೊಟ್ಟರೆ ಒಲೆಯೂ ಆರುವುದಿಲ್ಲ, ಮಾಣಿಯೂ ಬಳಲುವುದಿಲ್ಲ. ಬಾಡಿಗೆ, ಗ್ಯಾಸು, ಲೈಸೆನ್ಸುಗಳ ಭಾರ ಸಣ್ಣ ಧಣಿಯ ಮೇಲೂ ಇದೆ, ಒಪ್ಪೋಣ. ಆದರೆ ಅವರಲ್ಲಿ ಎಷ್ಟೋ ಮಂದಿ ಒಂದು ಕಾಲದಲ್ಲಿ ಇದೇ ಮೋರಿಯ ಬಳಿ ಬಟ್ಟಲು ತೊಳೆದವರು. ಆಗ ತಮ್ಮ ಬೆನ್ನಿಗೆ ಏನು ಬೇಕೆನಿಸಿತ್ತೋ ಅದನ್ನೇ ಈಗ ನಾವು ಕೇಳುತ್ತಿದ್ದೇವೆ.

ಕೊನೆಗೆ ಪಿತೃಗಳ ಮಾತು. ಅಮಾವಾಸ್ಯೆ ಹಿರಿಯರ ದಿನ. ಮಹಾಲಯ ಅಮಾವಾಸ್ಯೆಯಂದು ವಾಲ್ಕೇಶ್ವರದ ಬಾಣಗಂಗೆಯ ಮೆಟ್ಟಿಲುಗಳ ಮೇಲೆ ತರ್ಪಣ ಬಿಡುವವರನ್ನು ನೀವು ನೋಡಿದ್ದೀರಿ. ತೀರಿಕೊಂಡ ತಿಥಿ ಗೊತ್ತಿಲ್ಲದವರಿಗೂ ಆ ದಿನ ನೀರು ಬಿಡಬಹುದೆಂದು ಹಿಂದಿನವರು ವಿಧಿಸಿದರು. ನಮಗೆ ಅಂಥ ಹಿರಿಯರು ಎಷ್ಟು ಮಂದಿ! 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳೇ ಒಂದೊಂದಾಗಿ ಬಾಗಿಲು ಹಾಕಿದವು, ಎಷ್ಟೋ ಜನ ಕೆಲಸವಿಲ್ಲದೆ ಊರಿಗೂ ಹೋಗಲಾರದೆ ಖೋಲಿಯಲ್ಲೇ ಕೊನೆಯಾದರು. ಹತ್ತು ವರ್ಷಕ್ಕೆ ಊರುಬಿಟ್ಟು ಬಂದು ಹೋಟೇಲಿನ ಮಾಳಿಗೆಯಲ್ಲಿ ಜ್ವರದಲ್ಲಿ ಸತ್ತ ಹುಡುಗರ ತಿಥಿಯನ್ನು ಯಾರು ಬರೆದಿಟ್ಟಿದ್ದಾರೆ? ಅವರೂ ನಮ್ಮ ಪಿತೃಗಳೇ. ಅವರನ್ನು ನೆನೆಯಲು ಪುರೋಹಿತ ಬೇಕಿಲ್ಲ, ದಕ್ಷಿಣೆ ಬೇಕಿಲ್ಲ. ನೆನೆಯುವಷ್ಟು ಹೊತ್ತು ಬೇಕು. ಆ ಹೊತ್ತನ್ನೇ ನಾವು ಕೇಳುತ್ತಿರುವುದು.

ಆದುದರಿಂದ, ಬಂಧುಗಳೇ, ಹೀಗೆ ಮಾಡಿ. ವರ್ಷ ಹುಟ್ಟುವ ಮುಂಚೆ ನಿಮ್ಮ ಹೋಟೇಲಿನ ಎಲ್ಲರೂ, ಕನ್ನಡದವರು, ತುಳುವರು, ಮರಾಠಿಗಳು, ತಮಿಳರು, ಮಲೆಯಾಳಿಗಳು, ಒಂದು ಹಾಳೆಯ ಮೇಲೆ ನಾಲ್ಕು ಹಬ್ಬಗಳ ಹೆಸರು ಬರೆದು ಸಹಿ ಹಾಕಿ. ಆಷಾಢದ ಅಮಾವಾಸ್ಯೆಯನ್ನು ಮೊದಲು ಬರೆಯಿರಿ. ಒಂದು ಪ್ರತಿಯನ್ನು ಧಣಿಗೆ ಕೊಟ್ಟು ಇನ್ನೊಂದರ ಮೇಲೆ ಅವರ ರುಜು ಪಡೆಯಿರಿ. ಅದನ್ನು ಸಂಘದ ಕಚೇರಿಗೆ ತಲುಪಿಸಿ. ಒಬ್ಬನೇ ಹೋಗಬೇಡಿ, ಎಲ್ಲರೂ ಹೋಗಿ. ರಜೆ ಸಿಕ್ಕ ದಿನ ಪಗಾರವನ್ನು ಗಟಾರಕ್ಕೆ ಸುರಿಯದೆ ಊರಿಗೆ ಕಳಿಸಿ, ಮನೆಗೆ ಫೋನು ಮಾಡಿ, ನಿದ್ದೆ ಮಾಡಿ, ಸಂಜೆ ಸಭೆಗೆ ಬನ್ನಿ. ಯಾರಾದರೂ "ಅಮಾವಾಸ್ಯೆಯ ದಿನ ಹೊಸ ಕೆಲಸ ಹಿಡಿಯಬಾರದು" ಎಂದರೆ, "ಸರಿ, ಹಳೆಯ ಕೆಲಸವನ್ನೂ ಇವತ್ತು ಹಿಡಿಯುವುದಿಲ್ಲ" ಎಂದು ಉತ್ತರ ಕೊಡಿ.